ಬೇಕ್ಡ್ ಪಾಸ್ತಾ: ಸಾಸ್ ಎಷ್ಟು ತೆಳು ಇರಬೇಕು?

ಮೂರು ವಾರದಲ್ಲಿ ನಾಲ್ಕು ಸಲ ಮಾಡಿದೆ. ಮೊದಲ ಎರಡು ಸಲ ಕೆಟ್ಟಿತು, ಆಮೇಲಿನ ಎರಡು ಸಲ ಚೆನ್ನಾಗಿ ಬಂತು. ಎಲ್ಲಿ ತಪ್ಪುತ್ತಿದ್ದೆ ಅನ್ನೋದು ಈಗ ಪಕ್ಕಾ ಗೊತ್ತಾಗಿದೆ. ಮರೆಯೋ ಮೊದಲು ಬರೆದಿಡುತ್ತಿದ್ದೇನೆ. ನನ್ನ ಹಾಗೆ ಹೊಸದಾಗಿ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಇರುವ ಕರೆಂಟಿನ ಓವನ್) ತಂದುಕೊಂಡು ಕಲಿಯುತ್ತಿರುವವರಿಗೆ ಉಪಯೋಗ ಆಗಬಹುದು.

ಶಿರಸಿ ಪೇಟೆಯಲ್ಲಿ ಕೆಲಸ ಮುಗಿಸಿ ಮನೆ ಸೇರುವಾಗ ಆರೂವರೆ. ಎಂಟಕ್ಕೆ ಊಟ. ಅಷ್ಟರೊಳಗೆ ಆಗುವಂಥದ್ದು ಬೇಕಿತ್ತು. ಈ ಅಡಿಗೆಗೆ ಒಟ್ಟು ಒಂದು ಗಂಟೆ ಸಾಕು, ಅದರಲ್ಲಿ ಅರ್ಧ ಹೊತ್ತು ಓಟಿಜಿಯೇ ಕೆಲಸ ಮಾಡುತ್ತದೆ.

ಸಾಮಾನು

ಮೂರು ಜನಕ್ಕೆ 250 ಗ್ರಾಂ ಪೆನ್ನೆ, ಅಂದರೆ ಕೊಳವೆ ಆಕಾರದ ಪಾಸ್ತಾ. ಪ್ಯಾಕೆಟ್ ಮೇಲೆ ಡ್ಯೂರಂ ಗೋಧಿ ರವೆ ಅಂತ ಇದೆಯಾ ನೋಡಿ. ಡ್ಯೂರಂ ಗಟ್ಟಿ ಜಾತಿಯ ಗೋಧಿ, ಎರಡು ಸಲ ಬೆಂದರೂ ಆಕಾರ ಬಿಡುವುದಿಲ್ಲ. ಮೈದಾದ್ದು ಬೇಗ ಮುದ್ದೆ ಆಗುತ್ತದೆ. ಸಾಸಿಗೆ 30 ಗ್ರಾಂ ಬೆಣ್ಣೆ, 30 ಗ್ರಾಂ ಮೈದಾ, 600 ಮಿಲಿ ಹಾಲು. ಎರಡು ಕ್ಯೂಬ್ ಪ್ರೊಸೆಸ್ಡ್ ಚೀಸ್ ಸಾಸಿನ ಒಳಗೆ, 100 ಗ್ರಾಂ ಮೊಝರೆಲ್ಲಾ ಮೇಲೆ. ಈರುಳ್ಳಿ ಟೊಮೇಟೊ ಗೊಜ್ಜು ಒಂದೂವರೆ ಕಪ್. ಕಾಳುಮೆಣಸು ಕುಟ್ಟಿದ್ದು. ಮಂಗಳವಾರದ ಸಂತೆಯಿಂದ ತಂದ ಬೀನ್ಸ್, ಕ್ಯಾರೆಟ್ ಇದ್ದರೆ ಸಣ್ಣಗೆ ಹೆಚ್ಚಿ ಪಾಸ್ತಾ ಜೊತೆಗೇ ಬೇಯಿಸಿ. ಕಾರವಾರದ ಗೆಳತಿ ಸುಲಿದ ಸಣ್ಣ ಶೆಟ್ಲಿ (ಸಿಗಡಿ) ಹಾಕುತ್ತಾಳಂತೆ. ಹಸಿಯದನ್ನೇ ಬಿಸಿ ಸಾಸಿನೊಳಗೆ ಹುದುಗಿಸಿದರೆ ಓಟಿಜಿಯಲ್ಲಿ ಬೇಯುತ್ತದೆ, ಮೊದಲೇ ಬೇಯಿಸಿದರೆ ರಬ್ಬರ್ ಆಗುತ್ತದೆ ಅಂದಳು.

ನಾನು ಎಡವಿದ ಜಾಗ

ಮೊದಲ ಸಲ ಪ್ಯಾಕೆಟ್ ಮೇಲೆ ಬರೆದ ಹಾಗೆ 11 ನಿಮಿಷ ಬೇಯಿಸಿದೆ. ತಣ್ಣೀರಲ್ಲಿ ತೊಳೆದೆ, ಸಾಸ್ ಕಲಸಿ 25 ನಿಮಿಷ ಬೇಕ್ ಮಾಡಿದೆ. ಹೊರಗೆ ತೆಗೆದಾಗ ಮೇಲೆ ಬಣ್ಣ ಚೆನ್ನಾಗಿತ್ತು. ಚಮಚ ಹಾಕಿದರೆ ಒಳಗೆ ಪೆನ್ನೆಯ ಕೊಳವೆಗಳು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಆಯಿ ಒಂದು ತುತ್ತು ತಿಂದು, "ಹಸಿ ಹಿಟ್ಟಿನ ವಾಸ್ನೆ ಬತ್ತು ಕೂಸೆ" ಅಂದಳು. ಅದೂ ನಿಜ, ಮೈದಾ ಸರಿಯಾಗಿ ಹುರಿದಿರಲಿಲ್ಲ.

ಎರಡನೇ ಸಲ ಮೈದಾ ಹುರಿದೆ, ಪಾಸ್ತಾ 8 ನಿಮಿಷಕ್ಕೇ ಇಳಿಸಿದೆ. ಆದರೆ ಸಾಸ್ ದಪ್ಪ ಇರಲಿ ಅಂತ 500 ಮಿಲಿ ಹಾಲಿಗೆ 50 ಗ್ರಾಂ ಮೈದಾ ಹಾಕಿದ್ದೆ. ಒಲೆ ಮೇಲೆ ನೋಡುವಾಗ ಬಹಳ ಚಂದ ಇತ್ತು. ಬೇಕ್ ಆದಮೇಲೆ ಸಾಸೇ ಇಲ್ಲ! ಎಲ್ಲ ಒಣ ಒಣ, ಮೂಲೆಯ ಪೆನ್ನೆ ಹಲ್ಲಿಗೆ ಕಟ್ ಅಂತ ಸಿಕ್ಕಿತು.

ಸಾಸ್ ಎಲ್ಲಿ ಹೋಯಿತು? ಇದೇ ನನಗೆ ಅರ್ಥ ಆಗಲು ತಡ ಆಗಿದ್ದು. ಪಾಸ್ತಾ ಒಲೆ ಮೇಲೆ ಬೆಂದು ಮುಗಿಯುವುದಿಲ್ಲ. ಓಟಿಜಿಯಲ್ಲಿ ಎರಡನೇ ಸಲ ಬೇಯುತ್ತದೆ. ಬೇಯುವುದು ಅಂದರೆ ಒಳಗಿನ ಪಿಷ್ಟ ನೀರು ಕುಡಿದು ಉಬ್ಬುವುದು. ಪೂರ್ತಿ ಬೆಂದ ಪಾಸ್ತಾ ಒಣಗಿದ್ದಕ್ಕಿಂತ ತೂಕದಲ್ಲಿ ಎರಡು ಪಟ್ಟು ದಾಟುತ್ತದೆ. ಅಷ್ಟೂ ನೀರೇ. ಬೇಗ ಇಳಿಸಿದರೆ ಉಳಿದ ನೀರನ್ನು ಅದು ಸಾಸಿನಿಂದ ಎಳೆದುಕೊಳ್ಳುತ್ತದೆ. ಸಾಸಿನ ನೀರು ಸ್ವಲ್ಪ ಆವಿಯಾಗಿಯೂ ಹೋಗುತ್ತದೆ. ಸಾಲದ್ದಕ್ಕೆ ಮೈದಾ ಹಾಕಿದ ಸಾಸ್ ಆರಿದ ಹಾಗೆ ಇನ್ನೂ ಗಟ್ಟಿ ಆಗುತ್ತದೆ.

ಶಾವಿಗೆ ಪಾಯಸ ನೆನಪು ಮಾಡಿಕೊಳ್ಳಿ. ಮಧ್ಯಾಹ್ನ ಬಡಿಸುವಾಗ ಸರಿ ಇದ್ದದ್ದು ಸಂಜೆ ಹೊತ್ತಿಗೆ ಚಮಚ ನಿಲ್ಲುವಷ್ಟು ಗಟ್ಟಿ ಆಗಿರುತ್ತದೆ, ಅಲ್ವಾ? ಅದಕ್ಕೇ ಇಳಿಸುವಾಗ ಹಾಲು ಜಾಸ್ತಿ ಬಿಟ್ಟುಕೊಳ್ಳುತ್ತೇವೆ. ಇಲ್ಲಿಯೂ ಅದೇ ಲೆಕ್ಕ. ಪಾಯಸಕ್ಕೆ ಸಂಜೆವರೆಗೆ ಆಗುವುದು ಪಾಸ್ತಾಕ್ಕೆ ಓಟಿಜಿಯಲ್ಲಿ 25 ನಿಮಿಷದಲ್ಲಿ ಆಗುತ್ತದೆ.

ಹಾಗಾಗಿ ಎರಡು ಗುರುತು ಇಟ್ಟುಕೊಂಡಿದ್ದೇನೆ.

ಪಾಸ್ತಾಕ್ಕೆ: ಪ್ಯಾಕೆಟ್ ಹೇಳಿದ್ದಕ್ಕಿಂತ 3 ನಿಮಿಷ ಮೊದಲೇ ಒಂದು ಪೆನ್ನೆ ತೆಗೆದು ಚಾಕುವಿನಲ್ಲಿ ಅಡ್ಡ ಕತ್ತರಿಸಿ. ಅಂಚು ಹಳದಿ, ಗೋಡೆಯ ನಡುವೆ ಸಣ್ಣ ಬಿಳಿ ಗೆರೆ ಕಾಣಬೇಕು. ಆ ಬಿಳಿ ಇನ್ನೂ ನೀರು ಮುಟ್ಟದ ಜಾಗ. ಗೆರೆ ದಪ್ಪ ಇದ್ದರೆ ಇನ್ನೊಂದು ನಿಮಿಷ. ಗೆರೆಯೇ ಇಲ್ಲ ಅಂದರೆ ತಡ ಆಯಿತು, ಬೇಕ್ ಮಾಡುವ ಹೊತ್ತು ಕಡಿಮೆ ಮಾಡಿ. ನೀರು ಎರಡೂವರೆ ಲೀಟರ್, ಉಪ್ಪು ಒಂದು ದೊಡ್ಡ ಚಮಚ. ಬಸಿಯುವ ಮೊದಲು ಒಂದು ಲೋಟ ನೀರು ತೆಗೆದಿಡಿ. ತೊಳೆಯಬೇಡಿ, ಮೇಲಿನ ಪಿಷ್ಟ ಹೋದರೆ ಸಾಸ್ ಹಿಡಿಯುವುದಿಲ್ಲ.

ಸಾಸಿಗೆ: ದೋಸೆ ಹಿಟ್ಟಿಗಿಂತ ತೆಳು, ತೆಳ್ಳೇವಿನ (ನಮ್ಮ ಕಡೆಯ ತೆಳು ಅಕ್ಕಿ ದೋಸೆ) ಹಿಟ್ಟಿಗಿಂತ ಚೂರು ದಪ್ಪ. ತೆಳ್ಳೇವು ಎರೆದು ಗೊತ್ತಿರುವವರಿಗೆ ಇಷ್ಟು ಸಾಕು. ಗೊತ್ತಿಲ್ಲದವರು ಸೌಟನ್ನು ಸಾಸಿನಲ್ಲಿ ಅದ್ದಿ ಎತ್ತಿ, ಹಿಂಬದಿಗೆ ಬೆರಳಲ್ಲಿ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಸಾಸ್ ದಪ್ಪ ಆಯಿತು, ತೆಗೆದಿಟ್ಟ ನೀರು ಬಿಡಿ. ಎರಡು ಮೂರು ಕ್ಷಣದಲ್ಲಿ ನಿಧಾನ ಮುಚ್ಚಿಕೊಂಡರೆ ಸರಿ. ಎಲ್ಲ ಕಲಸಿ ಪಾತ್ರೆಗೆ ಸುರಿದಾಗ "ಅಯ್ಯೋ, ನೀರಾಯ್ತು" ಅನ್ನಿಸಬೇಕು. ಪಾತ್ರೆ ವಾಲಿಸಿದರೆ ಸಾಸ್ ಒಂದು ಬದಿಗೆ ಹರಿಯಬೇಕು. ಮೂರನೇ ಸಲ ಇದನ್ನು ನೋಡಿ ಹೆದರಿ ಮತ್ತೆ ಮೈದಾ ಸೇರಿಸಲು ಹೊರಟಿದ್ದೆ. ಸೇರಿಸಲಿಲ್ಲ, ಅದೇ ಒಳ್ಳೆಯದಾಯಿತು.

ಸಾಸ್ ಮಾಡುವುದು ಸುಲಭ. ಬೆಣ್ಣೆಯಲ್ಲಿ ಮೈದಾ ಸಣ್ಣ ಉರಿಯಲ್ಲಿ 2 ನಿಮಿಷ ಹುರಿಯಿರಿ, ಹಸಿ ವಾಸನೆ ಹೋಗಬೇಕು, ಬಣ್ಣ ಬರಬಾರದು. ಹಾಲು ಸ್ವಲ್ಪ ಸ್ವಲ್ಪ ಬಿಟ್ಟು ತಿರುವಿ. ಕುದಿ ಬಂದಮೇಲೆ ಇಳಿಸಿ ಪ್ರೊಸೆಸ್ಡ್ ಚೀಸ್ ಕರಗಿಸಿ. ಅದರಲ್ಲಿ ಕೊಬ್ಬು ಬಿಡದ ಹಾಗೆ ಹಿಡಿಯುವ ಲವಣ ಇರುತ್ತದೆ, ಸಾಸ್ ನುಣುಪಾಗುತ್ತದೆ. ಟೊಮೇಟೊ ಗೊಜ್ಜು ಕೊನೆಗೆ. ಬರೀ ಹಾಲಿಗೆ ಹುಳಿ ಬಿದ್ದರೆ ಒಡೆಯುತ್ತದೆ, ಮೈದಾ ಬೆಂದ ಸಾಸ್ ತಡೆದುಕೊಳ್ಳುತ್ತದೆ.

ಗೊಜ್ಜಿಗೆ ಕುಮಟಾ ಈರುಳ್ಳಿ

ಇದು ನನ್ನ ಇಷ್ಟದ ಭಾಗ. ಬೇಸಿಗೆಯಲ್ಲಿ ಕುಮಟಾ ಹತ್ತಿರ ಹೆದ್ದಾರಿ 66ರ ಪಕ್ಕ, ಹಂದಿಗೋಣ, ಅಳ್ವೆಕೋಡಿ ಕಡೆ ಗೊಂಚಲು ಕಟ್ಟಿ ತೂಗು ಹಾಕಿರುತ್ತಾರಲ್ಲ, ಅದೇ ಸಿಹಿ ಈರುಳ್ಳಿ. ನಾವು ದೇವಿಮನೆ ಘಾಟಿ ಇಳಿದು ಹೋದಾಗಲೆಲ್ಲ ಎರಡು ಗೊಂಚಲು ತರುತ್ತೇವೆ. ಅಡಿಗೆಮನೆಯಲ್ಲಿ ಗಾಳಿಗೆ ನೇತು ಹಾಕಿದರೆ ಬಹಳ ದಿನ ಇರುತ್ತದೆ. ನಾಲ್ಕು ಈರುಳ್ಳಿ ಉದ್ದಕ್ಕೆ ಹೆಚ್ಚಿ, ಎಣ್ಣೆಯಲ್ಲಿ ಸಣ್ಣ ಉರಿಗೆ 20 ನಿಮಿಷ ಬಿಡಿ. ಮೊದಲು ನೀರು ಬಿಡುತ್ತದೆ, ಆಮೇಲೆ ಮೆತ್ತಗಾಗಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆಗ ಐದು ಟೊಮೇಟೊ, ನಾಲ್ಕು ಎಸಳು ಬೆಳ್ಳುಳ್ಳಿ, ಉಪ್ಪು. ಎಣ್ಣೆ ಬಿಡುವವರೆಗೆ ಬೇಯಿಸಿ. ಟೊಮೇಟೊ ಹುಳಿಗೆ ಸಕ್ಕರೆ ಹಾಕುವುದೇ ಬೇಡ.

ಇದನ್ನು ಭಾನುವಾರ ಮಾಡಿ ಫ್ರಿಜ್‌ನಲ್ಲಿ ಇಟ್ಟರೆ ಮೂರು ದಿನ ಚಿಂತೆ ಇಲ್ಲ. ವಾರದ ನಡುವೆ ಹೊತ್ತು ಉಳಿಯುವುದು ಇಲ್ಲಿಯೇ. ಮನೆಗೆ ಬಂದ ತಕ್ಷಣ ಒಂದು ಒಲೆಯಲ್ಲಿ ನೀರು, ಇನ್ನೊಂದರಲ್ಲಿ ಸಾಸ್. ನೀರು ಕುದಿಯುವಷ್ಟರಲ್ಲಿ ಓಟಿಜಿ ಹಚ್ಚಿಬಿಡಿ.

ಓಟಿಜಿ

200 ಡಿಗ್ರಿ, ಮೇಲೆ ಕೆಳಗೆ ಎರಡೂ ರಾಡ್, 10 ನಿಮಿಷ ಮೊದಲೇ ಕಾಯಿಸಿ. ಪಾತ್ರೆಗೆ ಫಾಯಿಲ್ ಮುಚ್ಚಿ 15 ನಿಮಿಷ. ಮುಚ್ಚಿದರೆ ಆವಿ ಒಳಗೇ ಉಳಿದು ಮೇಲಿನ ಪೆನ್ನೆ ಒಣಗುವುದಿಲ್ಲ. ಫಾಯಿಲ್ ತೆಗೆದು ಮೊಝರೆಲ್ಲಾ, ಹಳೇ ಬ್ರೆಡ್ಡಿನ ಪುಡಿ ಉದುರಿಸಿ ಇನ್ನು 8ರಿಂದ 10 ನಿಮಿಷ. ಬಿಸಿ ಗಾಜಿನ ಪಾತ್ರೆಯನ್ನು ಒದ್ದೆ ಕಟ್ಟೆ ಮೇಲೆ ಇಡಬೇಡಿ, ಒಡೆಯುತ್ತದೆ. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಒಳಗಿನ ಬಿಸಿಗೇ ಸ್ವಲ್ಪ ಹೊತ್ತು ಬೇಯುತ್ತಿರುತ್ತದೆ.

ಹೊರಗೆ ತೆಗೆದಾಗ ಅಂಚಿನಲ್ಲಿ ಸಾಸ್ ಇನ್ನೂ ಗುಳುಗುಳು ಅನ್ನುತ್ತಿರುತ್ತದೆ. ಆಗಲೇ ಬಡಿಸಿದರೆ ತಟ್ಟೆ ತುಂಬ ಹರಿಯುತ್ತದೆ. 10 ನಿಮಿಷ ಬಿಡಿ. ಆಮೇಲೆ ಸೌಟು ಹಾಕಿದರೆ ಪೆನ್ನೆ ಬಿಡಿ ಬಿಡಿಯಾಗಿ ಏಳುತ್ತದೆ, ಪ್ರತಿ ಕೊಳವೆಯೊಳಗೂ ಸಾಸ್ ಇರುತ್ತದೆ.