208 ದಿನ ಅಡಗಿ ಕೂರುವ ಬಗ್: ಕರ್ನಲ್‌ನ ಸಮಯದ ಲೆಕ್ಕ

ಲಿನಕ್ಸ್ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿ) ಸಮಯದ ಬಗ್ ಅಂದರೆ ಹಾರ್ಡ್‌ವೇರ್ ಗಡಿಯಾರವೇ ಕೆಟ್ಟಿರಬೇಕು ಅಂದುಕೊಂಡಿದ್ದೆ. ನನ್ನನ್ನು ಹೆಚ್ಚು ಕಾಡಿದ ಬಗ್ ಇದ್ದದ್ದು ಬರೀ ಗುಣಾಕಾರದಲ್ಲಿ.

ಎಕ್ಸ್86 ಪ್ರೊಸೆಸರ್‌ನಲ್ಲಿ ಟಿಎಸ್‌ಸಿ (ಟೈಮ್ ಸ್ಟ್ಯಾಂಪ್ ಕೌಂಟರ್) ಎಂಬ 64 ಬಿಟ್ ಕೌಂಟರ್ ಇದೆ. ಅದು ಎಣಿಸುವುದು ಸೈಕಲ್‌ಗಳನ್ನು, ಅಂದರೆ ಪ್ರೊಸೆಸರ್ ಗಡಿಯಾರದ ಮಿಡಿತಗಳನ್ನು. ಯಾವ ಪ್ರೋಗ್ರಾಂ ಯಾವಾಗ ಓಡಬೇಕೆಂದು ತೀರ್ಮಾನಿಸುವ ಶೆಡ್ಯೂಲರ್‌ಗೆ ಬೇಕಾದದ್ದು ನ್ಯಾನೊಸೆಕೆಂಡ್. ಭಾಗಾಕಾರ ನಿಧಾನ, ಫ್ಲೋಟಿಂಗ್ ಪಾಯಿಂಟನ್ನು (ದಶಮಾಂಶದ ಲೆಕ್ಕವನ್ನು) ಕರ್ನಲ್ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಾಗಾಗಿ ಸೈಕಲ್‌ಗಳನ್ನು ಮೊದಲೇ ಲೆಕ್ಕ ಹಾಕಿಟ್ಟ ಒಂದು ಪೂರ್ಣಾಂಕದಿಂದ ಗುಣಿಸಿ, ಬಂದದ್ದನ್ನು 10 ಬಿಟ್ ಬಲಕ್ಕೆ ಸರಿಸುತ್ತಿದ್ದರು. ಅಂದರೆ 1024ರಿಂದ ಭಾಗಿಸಿದ ಹಾಗೆ. 2 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಆ ಪೂರ್ಣಾಂಕ 512.

ಹುಳುಕು ಎಲ್ಲಿ? ಗುಣಲಬ್ಧ 64 ಬಿಟ್‌ನೊಳಗೆ ಹಿಡಿಯಬೇಕು. ಅದರಲ್ಲಿ 10 ಬಿಟ್ ಸರಿಸಿದ ಮೇಲೆ ಉತ್ತರಕ್ಕೆ ಉಳಿಯುವುದು 54. 2ರ 54ನೇ ಘಾತದಷ್ಟು ನ್ಯಾನೊಸೆಕೆಂಡ್ ಎಂದರೆ ಸುಮಾರು 208.5 ದಿನ. ಅಷ್ಟು ದಿನ ಸತತ ಓಡಿದ ಯಂತ್ರದಲ್ಲಿ ಲೆಕ್ಕ 64 ಬಿಟ್ ಮೀರಿ ಉಕ್ಕಿ, ಶೆಡ್ಯೂಲರ್‌ನ ಸಮಯ ಸೊನ್ನೆಯ ಹತ್ತಿರಕ್ಕೆ ಬಿದ್ದುಬಿಡುತ್ತಿತ್ತು. ಪ್ರೊಸೆಸರ್ ವೇಗ ಎಷ್ಟೇ ಇರಲಿ, ಗಡುವು ಅದೇ. ಯಾಕೆಂದರೆ ಮಿತಿ ಬೀಳುವುದು ಉತ್ತರದ ಮೇಲೆ. (ಇದು ತಲೆಗೆ ಹತ್ತಲು ನನಗೆ ಎರಡು ಸಲ ಓದಬೇಕಾಯಿತು.)

2011ರಲ್ಲಿ ಬಂದ ಪರಿಹಾರ ಶಾಲೆಯ ಗಣಿತವೇ: ಮೊದಲು 1024ರಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಬೇರೆ ಬೇರೆ ಗುಣಿಸುವುದು. 5000 ಸೈಕಲ್ ತೆಗೆದುಕೊಳ್ಳಿ. ಭಾಗಲಬ್ಧ 4, ಶೇಷ 904. 4ನ್ನು 512ರಿಂದ ಗುಣಿಸಿದರೆ 2048. ಶೇಷವನ್ನು ಗುಣಿಸಿ 10 ಬಿಟ್ ಸರಿಸಿದರೆ 452. ಕೂಡಿದರೆ 2500 ನ್ಯಾನೊಸೆಕೆಂಡ್, ಸರಿಯಾದ ಉತ್ತರ. ಇಲ್ಲಿ ಸರಿಸುವುದು ಶೇಷದ ಭಾಗವನ್ನು ಮಾತ್ರ. ಅದು ಯಾವತ್ತೂ 1024ಕ್ಕಿಂತ ಕಡಿಮೆ, ಉಕ್ಕುವ ಪ್ರಶ್ನೆಯೇ ಇಲ್ಲ.

ಹಾರ್ಡ್‌ವೇರ್ ದೋಷಗಳೂ ಇವೆ. ಹಳೆಯ ಪ್ರೊಸೆಸರ್‌ಗಳಲ್ಲಿ ವೇಗ ಬದಲಾದರೆ ಟಿಎಸ್‌ಸಿಯ ಓಟವೂ ಬದಲಾಗುತ್ತಿತ್ತು. ಅದಕ್ಕೇ ಕರ್ನಲ್ ಇನ್ನೊಂದು ಟೈಮರ್ ಜೊತೆ ತಾಳೆ ನೋಡುತ್ತದೆ. ವ್ಯತ್ಯಾಸ ಮಿತಿ ಮೀರಿದರೆ ಟಿಎಸ್‌ಸಿಯನ್ನು ಕೈಬಿಡುತ್ತದೆ.

ಕರ್ನಲ್‌ನ ಟೈಮರ್ ಟಿಕ್‌ಗಳನ್ನು ಎಣಿಸುವ ಜಿಫೀಸ್ ಕೌಂಟರ್‌ದೂ ಇದೇ ಜಾತಿಯ ಕಾಯಿಲೆ. 32 ಬಿಟ್‌ನಲ್ಲಿ, ಸೆಕೆಂಡಿಗೆ 1000 ಟಿಕ್ ಆದರೆ 49.7 ದಿನಕ್ಕೆ ಸುತ್ತು ಮುಗಿದು ಮತ್ತೆ ಸೊನ್ನೆ. ಎರಡು ಬೆಲೆಗಳನ್ನು ನೇರವಾಗಿ ಹೋಲಿಸಿದ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ಅವತ್ತು ಎಡವುತ್ತದೆ. ಕಳೆದು, ವ್ಯತ್ಯಾಸದ ಚಿಹ್ನೆ ನೋಡಬೇಕು. ಆದರೆ ಪರೀಕ್ಷೆಗೆ 50 ದಿನ ಯಾರು ಕಾಯುತ್ತಾರೆ? ಲಿನಕ್ಸ್‌ನವರು ಜಿಫೀಸನ್ನು ಸೊನ್ನೆಯಿಂದ ಶುರುಮಾಡುವುದೇ ಇಲ್ಲ. ಬೂಟ್ ಆದ 5 ನಿಮಿಷಕ್ಕೇ ಸುತ್ತು ಮುಗಿಯುವಂಥ ಬೆಲೆ ಇಟ್ಟಿದ್ದಾರೆ. ಕೆಟ್ಟ ಡ್ರೈವರ್ ಬರೆದವರ ಮೇಜಿನ ಮೇಲೇ ಮುಗ್ಗರಿಸಲಿ ಅಂತ.