ಡಬ್ಬ ತುಂಬ ಆರ್ಕೇಡ್ ಚಿಪ್, ಇವನ್ನ ಯಾರು ತಗೋತಾರೆ?

ನಾನು ಆರ್ಕೇಡ್, ಅಂದ್ರೆ ಕಾಸು ಹಾಕಿ ಆಡೋ ಹಳೇ ವಿಡಿಯೋ ಗೇಮ್ ಮೆಷಿನ್‌ಗಳ ಬೋರ್ಡ್ ರಿಪೇರಿ ಮಾಡೋನು. ಹೋದ ಸಲ ಒಬ್ರು ಬಂದು ಒಂದು ಡಬ್ಬ ಚಿಪ್ ಟೇಬಲ್ ಮೇಲೆ ಸುರಿದ್ರು, ಹೌದು ಸುರಿದೇ ಬಿಟ್ರು, ನನ್ ಎದೆ ಧಸಕ್ ಅಂತು. ಮೆಷಿನೆಲ್ಲ ಗುಜರಿಗೆ ಹೋಗಿದೆಯಂತೆ, ಇವಷ್ಟೇ ಉಳ್ಕೊಂಡಿದ್ದು, "ನಲವತ್ತು ವರ್ಷ ಹಳೇದು ಸರ್, ಒಳ್ಳೇ ರೇಟ್ ಬರ್ಬೇಕಲ್ವಾ?" ಅಂದ್ರು.

ಹಳೇದು ಅಂತ ಯಾರೂ ದುಡ್ಡು ಕೊಡಲ್ಲ. ಎಲ್ಲೋ ಯಾರದ್ದೋ ಬೋರ್ಡಲ್ಲಿ ಅದೇ ಚಿಪ್ ಸತ್ತಿರ್ಬೇಕು, ಹೊಸದು ಸಿಗ್ತಿರಬಾರದು, ನಿಮ್ಮದು ಕೆಲಸ ಮಾಡ್ತಿರ್ಬೇಕು. ಈ ಮೂರೂ ಕೂಡಿದ್ರೆ ಮಾತ್ರ ಗಿರಾಕಿ.

ಮೊದಲು ಬೆನ್ನ ಮೇಲಿನ ನಂಬರ್ ಓದೋದು ಕಲೀಬೇಕು. ಒಂದು ಪಾರ್ಟ್ ನಂಬರ್, ಇನ್ನೊಂದು ಡೇಟ್ ಕೋಡ್. 8243 ಅಂದ್ರೆ 1982ನೇ ಇಸವಿಯ 43ನೇ ವಾರ. 7432 ಅಂತಿದ್ರೆ ಮಾತ್ರ ಸ್ವಲ್ಪ ಯೋಚಿಸಿ, ಅದು 1974ನೇ ಇಸವಿನೂ ಆಗಿರ್ಬಹುದು, ನಾಲ್ಕು OR ಗೇಟ್ (ಎರಡರಲ್ಲಿ ಒಂದು ಸಿಗ್ನಲ್ ಬಂದ್ರೂ ಹೌದು ಅನ್ನೋ ಸರ್ಕ್ಯೂಟ್) ಇರೋ ಮಾಮೂಲಿ ಲಾಜಿಕ್ ಚಿಪ್ಪೂ ಆಗಿರ್ಬಹುದು. ಆ ಡಬ್ಬದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ 74 ಸರಣಿ. ಅವು ಹೊಸದಾಗಿ ಇವತ್ತಿಗೂ ಸಿಗತ್ತೆ, ಸೋ ಮಾರೋಕೆ ಕೂರ್ಬೇಡಿ, ಎಲೆಕ್ಟ್ರಾನಿಕ್ಸ್ ಕಲಿಯೋ ಮಕ್ಕಳಿಗೆ ಕೊಡಿ. 2114 ರ್‍ಯಾಮ್ ಇದ್ರೆ ಎತ್ತಿಡಿ, ಅದು ಕೆಡೋದು ಜಾಸ್ತಿ, ರಿಪೇರಿಯವರಿಗೆ ಯಾವಾಗ್ಲೂ ಬೇಕಿರತ್ತೆ, ಆದ್ರೆ ಟೆಸ್ಟ್ ಮಾಡಿ ಕೊಟ್ರೆ ಮಾತ್ರ.

ಪ್ರೊಸೆಸರ್ ಕಂಡ್ರೆ ಜನ ಕುಣೀತಾರೆ. ಪ್ಯಾಕ್-ಮ್ಯಾನ್ ಗೇಮಲ್ಲಿ ಒಂದು ಝಡ್80 ಪ್ರೊಸೆಸರ್, ಗ್ಯಾಲಗಾದಲ್ಲಿ ಮೂರು, ಆಸ್ಟರಾಯ್ಡ್ಸ್‌ನಲ್ಲಿ 6502. 2024ರಲ್ಲಿ ಝೈಲಾಗ್ ಕಂಪನಿ 40 ಕಾಲಿನ ಝಡ್80 ನಿಲ್ಲಿಸ್ತೀವಿ ಅಂದಾಗ ಚಿನ್ನದ ಗಣಿ ಸಿಕ್ತು ಅನ್ಕೊಂಡೋರು ಇದ್ದಾರೆ. ಅದು ಅಷ್ಟು ವರ್ಷ ಅಷ್ಟೊಂದು ತಯಾರಾಗಿದೆ ಅಂದ್ರೆ ಬಳಸಿದ ಪೀಸ್‌ಗೇನೂ ಬರ ಇಲ್ಲ. ಹಳೇ ಥರದ ಕಂಪ್ಯೂಟರ್ ಕೈಯಲ್ಲೇ ಕಟ್ಟೋ ಹವ್ಯಾಸಿಗಳು ತಗೋತಾರೆ, ಹೋಗತ್ತೆ, ಆದ್ರೆ ದೊಡ್ಡ ಮೊತ್ತ ಏನೂ ಬರಲ್ಲ.

ನಿಜವಾದ ಮಾರ್ಕೆಟ್ ಇರೋದು ಸೌಂಡ್ ಚಿಪ್‌ಗೆ. ಯಾಕಂದ್ರೆ ಅಲ್ಲಿ ಗಿರಾಕಿ ಇಬ್ಬರು, ಒಬ್ಬ ಬೋರ್ಡ್ ರಿಪೇರಿಯವನು, ಇನ್ನೊಬ್ಬ ಸಂಗೀತದವನು. ಎವೈ-3-8910 ಮೂರು ಚಾನೆಲ್‌ನ, ಅಂದ್ರೆ ಒಟ್ಟಿಗೆ ಮೂರು ಸ್ವರ ಹೊರಡಿಸೋ ಚಿಪ್, ಗೈರಸ್ ಅನ್ನೋ ಗೇಮಲ್ಲಿ ಒಂದಲ್ಲ ಎರಡಲ್ಲ ಐದಿವೆ. ಯಮಾಹಾದ ವೈಎಂ2151 ಎಂಟು ಚಾನೆಲ್ ಎಫ್‌ಎಂ (ರೇಡಿಯೋ ಅಲ್ಲ, ಒಂದು ಅಲೆಯಿಂದ ಇನ್ನೊಂದನ್ನ ಬದಲಿಸಿ ಸದ್ದು ಹುಟ್ಟಿಸೋ ರೀತಿ), ಅದ್ರ ಪಕ್ಕ ವೈಎಂ3012 ಅನ್ನೋ ಪುಟ್ಟ ಡಿಎಸಿ, ಅಂದ್ರೆ ಅಂಕೆಗಳನ್ನ ಸದ್ದಿನ ಸಿಗ್ನಲ್ ಮಾಡೋ ಚಿಪ್, ಇರತ್ತೆ, ಎರಡನ್ನೂ ಜೋಡಿ ಮಾಡಿ ಮಾರಿ, ಒಂಟಿ ತಗೊಂಡೋನು ಇನ್ನೊಂದಕ್ಕೆ ಪರದಾಡ್ತಾನೆ. ಹಾಡು ಮಾಡೋರು ಇವನ್ನ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ) ಆಗಿ ಬಳಸ್ತಾರೆ, ಆ ಗರಗರ ಅನ್ನೋ ಗುಣ ಸಾಫ್ಟ್‌ವೇರಲ್ಲಿ ಬರಲ್ಲ ಅಂತ ಅವರ ವಾದ, ನನ್ ಕಿವಿಗೆ ಅಷ್ಟೇನೂ ವ್ಯತ್ಯಾಸ ಗೊತ್ತಾಗಲ್ಲ ಬಿಡಿ. ಮಾತಾಡೋ ಚಿಪ್‌ಗಳೂ ಇದೇ ಸಾಲಿಗೆ ಸೇರತ್ತೆ, ಕ್ಯೂಬರ್ಟ್ ಅನ್ನೋ ಗೇಮಿನ ಪಾತ್ರ ಗೊಣಗೋದು ವೋಟ್ರಾಕ್ಸ್ ಎಸ್‌ಸಿ-01ರಿಂದ, ಅಟಾರಿಯ 1983ರ ಸ್ಟಾರ್ ವಾರ್ಸ್ ಗೇಮ್ ಮಾತಾಡೋದು ಟಿಎಂಎಸ್5220ರಿಂದ.

ಆಮೇಲೆ ಕಸ್ಟಮ್ ಚಿಪ್. ನ್ಯಾಮ್ಕೋ ಕಂಪನಿಯ 51ಎಕ್ಸ್‌ಎಕ್ಸ್, 54ಎಕ್ಸ್‌ಎಕ್ಸ್ ಥರದ್ದು ಅವರ ಗೇಮ್‌ಗೆ ಅಂತಲೇ ಮಾಡಿಸಿದ್ದು, ಅಂಗಡೀಲಿ ಯಾವತ್ತೂ ಸಿಕ್ಕಿಲ್ಲ, ಒರಿಜಿನಲ್ ಬೇಕಂದ್ರೆ ಇನ್ನೊಂದು ಬೋರ್ಡಿಂದ್ಲೇ ಕೀಳ್ಬೇಕು. ಅದಕ್ಕೇ ಹೇಳೋದು, ಬೋರ್ಡ್ ಇನ್ನೂ ಕೈಲಿದ್ರೆ ದಯವಿಟ್ಟು ಚಿಪ್ ಕೀಳ್ಬೇಡಿ. ಓಡದ ಬೋರ್ಡ್ ಆದ್ರೂ ಇಡಿಯಾಗೇ ಮಾರಿ. ಅದ್ರಲ್ಲೂ ಸೇಗಾದ ಎಫ್‌ಡಿ1094 ಕಂಡ್ರೆ ಮುಟ್ಲೇಬೇಡಿ, 68000 ಪ್ರೊಸೆಸರ್ ಒಳಗೇ ಬ್ಯಾಟರಿ ಇಟ್ಟು ಅದ್ರ ಜೀವದ ಮೇಲೆ ಡಿಕ್ರಿಪ್ಷನ್ ಕೀ, ಅಂದ್ರೆ ಗುಪ್ತವಾಗಿಟ್ಟ ಗೇಮ್ ಪ್ರೋಗ್ರಾಮ್ ಬಿಡಿಸೋ ಕೀ, ಹಿಡಿದಿಟ್ಟಿದ್ದಾರೆ, ಬ್ಯಾಟರಿ ಸತ್ರೆ ಕೀನೂ ಹೋಯ್ತು.

ಕಿಟಕಿ ಇರೋ ಈಪ್ರಾಮ್, ಅಂದ್ರೆ ಗೇಮಿನ ಪ್ರೋಗ್ರಾಮ್ ಇರೋ, ಯುವಿ ಬೆಳಕಿಂದ ಅಳಿಸಬಹುದಾದ ಮೆಮೊರಿ ಚಿಪ್ ಬಗ್ಗೆ ನನ್ನದೇ ಒಂದು ಪಾಪದ ಕಥೆ ಇದೆ. ಕೆಲಸಕ್ಕೆ ಹೊಸತು, 2732 ಅನ್ನೋ ಖಾಲಿ ಈಪ್ರಾಮ್ ಬೇಕಿತ್ತು, ಸ್ಟಿಕರ್ ಬಿದ್ದುಹೋಗಿದ್ದ ಒಂದನ್ನ ಯುವಿ ಡಬ್ಬಕ್ಕೆ ಹಾಕಿ ಅಳಿಸಿಬಿಟ್ಟೆ. ಆಮೇಲೆ ಗೊತ್ತಾಯ್ತು ಅದು ನಾಲ್ಕರ ಸೆಟ್ಟಲ್ಲಿ ಒಂದು, ಉಳಿದ ಮೂರು ಓದಿ ನೋಡಿದ್ರೆ ಯಾವ ವರ್ಷನ್‌ಗೂ ಹೊಂದ್ತಿಲ್ಲ. ಇವತ್ತಿಗೂ ಆ ಮೂರನ್ನ ಬಿಸಾಕಕ್ಕೆ ಮನಸ್ಸು ಬಂದಿಲ್ಲ. ಸೋ, ಮೊದಲು ಓದಿ, ಫೈಲ್ ಮಾಡಿ, 1997ರಿಂದ ನಡೀತಿರೋ ಮೇಮ್ ಅನ್ನೋ, ಹಳೇ ಆರ್ಕೇಡ್ ಗೇಮ್‌ಗಳನ್ನ ಕಂಪ್ಯೂಟರಲ್ಲಿ ಓಡಿಸೋ ಪ್ರಾಜೆಕ್ಟಿನ ಪಟ್ಟಿ ಜೊತೆ ಹೋಲಿಸಿ. ಅಲ್ಲಿ ಇಲ್ಲದ ಡೇಟಾ ಸಿಕ್ರೆ ಒಳಗಿರೋದೇ ಆಸ್ತಿ, ಚಿಪ್ ಬರೀ ಚಿಪ್ಪು. ಕಿಟಕಿ ಮೇಲೆ ಟೇಪ್ ಹಾಕೋದು ಮರೀಬೇಡಿ, ನೇರ ಬಿಸಿಲಲ್ಲಿ ಸುಮಾರು 1 ವಾರ ಸಾಕು ಎಲ್ಲಾ ಅಳಿಸಿಹೋಗಕ್ಕೆ, ಟ್ಯೂಬ್‌ಲೈಟಲ್ಲಿ ಸುಮಾರು 3 ವರ್ಷ ತಗೊಳತ್ತೆ. ಇನ್ನೊಂದು ಹಳ್ಳ ಇದೆ: ಇಂಟೆಲ್ 2716 ಈಪ್ರಾಮ್‌ಗೆ ಓದೋವಾಗ ಬರೀ 5 ವೋಲ್ಟ್ ಸಾಕು, ಟಿಐ (ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್) ಕಂಪನಿಯ ಟಿಎಂಎಸ್2716ಗೆ ಮೂರು ವೋಲ್ಟೇಜ್ ಬೇಕು, ಒಂದೇ ನಂಬರ್ ಅಂತ ಹಾಕ್ಬೇಡಿ.

ಕಾಲು ಕಪ್ಪಾಗಿದ್ರೆ ಬೆಳ್ಳಿ ಲೇಪನ ಕಿಲುಬು ಹಿಡಿದಿದೆ ಅಂತ, ಸಾಕೆಟ್‌ಗೆ ಒತ್ತಿದ್ರೆ ಮುರಿಯತ್ತೆ, ನಿಧಾನ. ಪ್ಯಾಕಿಂಗ್‌ಗೆ ಕಪ್ಪು ಕಂಡಕ್ಟಿವ್ ಫೋಮ್ ಬಳಸಿ, ಥರ್ಮೋಕೋಲ್ ಅಂದ್ರೆ ಸ್ಟ್ಯಾಟಿಕ್‌ನ ತವರುಮನೆ. ಮಾರೋವಾಗ ಎರಡೂ ಬದಿ ಫೋಟೋ ಹಾಕಿ, ಯಾವ ಬೋರ್ಡಲ್ಲಿ ಹಾಕಿ ಓಡಿಸಿದ್ರಿ ಅಂತ ಬರೀರಿ. ಬೆನ್ನು ಉಜ್ಜಿ ಹೊಸ ನಂಬರ್ ಹೊಡೆದ ನಕಲಿಗಳು ತುಂಬ ಓಡಾಡ್ತಿವೆ, ತಗೊಳೋರೆಲ್ಲ ಒಂದಲ್ಲ ಒಂದ್ಸಲ ಮೋಸ ಹೋದೋರೇ. ಚಿನ್ನ ತೆಗೀತೀವಿ ಅನ್ನೋರಿಗೆ ಒಂದೇ ಮಾತು, ಪ್ಲಾಸ್ಟಿಕ್ ಚಿಪ್ಪಲ್ಲಿರೋ ಚಿನ್ನಕ್ಕಿಂತ ನೀವು ಸುರಿಯೋ ಆಸಿಡ್‌ಗೇ ಜಾಸ್ತಿ ಖರ್ಚಾಗತ್ತೆ.

ಅವರ ಡಬ್ಬದ ತಳದಲ್ಲಿ ಸಿ012294 ಅಂತ ಬರೆದ 40 ಕಾಲಿನ ಒಂದು ಚಿಪ್ ಇತ್ತು. ಇದೇನೋ ಲೋಕಲ್ ಮಾಲು ಅಂತ ಅವ್ರು ಪಕ್ಕಕ್ಕೆ ತಳ್ಳಿದ್ರು. ಅದು ಅಟಾರಿಯ ಪೋಕಿ, ಸೌಂಡ್ ಅಷ್ಟೇ ಅಲ್ಲ ರ್‍ಯಾಂಡಮ್ ನಂಬರ್ ಕೂಡ ಕೊಡತ್ತೆ, ಸೆಂಟಿಪೀಡ್‌ನಲ್ಲಿ ಒಂದು, ಟೆಂಪೆಸ್ಟ್‌ನಲ್ಲಿ ಎರಡು, ಅಟಾರಿ 800 ಕಂಪ್ಯೂಟರಲ್ಲೂ ಒಂದು. ನನ್ ಸೆಂಟಿಪೀಡ್ ಬೋರ್ಡ್ ಸಾಕೆಟ್‌ಗೆ ಕೂರಿಸಿ ಪವರ್ ಕೊಟ್ವಿ, ಒಂದು ಚಾನೆಲ್ ಸ್ವಲ್ಪ ಕ್ಷೀಣ, ಉಳಿದ ಮೂರು ಚೆನ್ನಾಗಿವೆ. ಆ ಕ್ಷೀಣ ಇರೋದನ್ನೂ ಬರೆದೇ ಹಾಕಿ ಅಂದೆ. ಎರಡೇ ದಿನಕ್ಕೆ ಮಾರಾಟ ಆಯ್ತು, ಉಳಿದ ಡಬ್ಬ ಇನ್ನೂ ನನ್ ಟೇಬಲ್ ಕೆಳಗೇ ಇದೆ.