'ಪಿ.ಆರ್. ನಾರ್ಮಲ್' ಎಂದರೆ ಏನೂ ಹೇಳಿದಂತಲ್ಲ

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ ಎಂದುಕೊಳ್ಳಿ. ಮನೆಯಲ್ಲೂ ಹೇಳಿಕೊಳ್ಳದೆ ವರ್ಷ ತಳ್ಳಿ, ಕೊನೆಗೆ ಊರಿನ ಡಾಕ್ಟರ ಹತ್ತಿರ ಹೋಗುತ್ತಾರೆ. ಅವರು ಗುದದ್ವಾರದಲ್ಲಿ ಬೆರಳಿಟ್ಟು ಪ್ರಾಸ್ಟೇಟ್ ಗ್ರಂಥಿಯನ್ನು ಮುಟ್ಟಿ ನೋಡಿ, ಹಾಸನದ ಯೂರಾಲಜಿಸ್ಟರಿಗೆ ಚೀಟಿ ಕೊಡುತ್ತಾರೆ. ಅದರಲ್ಲಿ 'ಪಿ.ಆರ್. ನಾರ್ಮಲ್' (ಪಿ.ಆರ್. ಎಂದರೆ ಈ ಬೆರಳಿನ ಪರೀಕ್ಷೆ) ಅಂತಷ್ಟೇ ಇದ್ದರೆ ಅಲ್ಲಿ ಮತ್ತೆ ಮೊದಲಿಂದ ಶುರು. ಆರು ತಿಂಗಳ ಮೇಲೆ ಗಂಟೊಂದು ಸಿಕ್ಕರೆ, ಅದು ಹೊಸದೋ ಹಳೆಯದೋ ಹೇಳುವವರಿಲ್ಲ.

ಪ್ರಾಸ್ಟೇಟ್ ಇರುವುದು ಗುದನಾಳದ ಮುಂದುಗಡೆ, ಗೋಡೆಗೆ ಒತ್ತಿಕೊಂಡು. ಇಲ್ಲಿನ ಕ್ಯಾನ್ಸರ್‌ಗಳಲ್ಲಿ ಸುಮಾರು 70 ಶೇಕಡಾ ಹುಟ್ಟುವುದು ಗ್ರಂಥಿಯ ಹೊರವಲಯದಲ್ಲಿ. ಬೆರಳಿಗೆ ಸಿಗುವುದೂ ಆ ವಲಯದ ಹಿಂಭಾಗವೇ. ವಯಸ್ಸಿನ ಊತ ಹಾಗಲ್ಲ, ಒಳಗೆ ಮೂತ್ರನಾಳದ ಸುತ್ತ ಬೆಳೆಯುತ್ತದೆ. ಹಾಗಾಗಿ ಮುಟ್ಟಿದಾಗ ಚಿಕ್ಕದೆನಿಸಿದ ಗ್ರಂಥಿಯೂ ಮೂತ್ರ ಕಟ್ಟಿಸಬಹುದು. ಬರೀ ಗಾತ್ರ ಬರೆದರೆ ಸಾಲದು.

ಬರೆಯಬೇಕಾದ್ದು ಮುಖ್ಯವಾಗಿ ಗಡಸುತನ. ಮುಷ್ಟಿ ಕಟ್ಟಿ ಹೆಬ್ಬೆರಳ ಬುಡದ ಮಾಂಸ ಒತ್ತಿ ನೋಡಿ, ಆರೋಗ್ಯದ ಗ್ರಂಥಿ ಹೆಚ್ಚುಕಡಿಮೆ ಹಾಗಿರುತ್ತದೆ. ಬೆರಳ ಗೆಣ್ಣಿನಷ್ಟು ಗಟ್ಟಿ ಸಿಕ್ಕರೆ ಅನುಮಾನ. ಗ್ರಂಥಿಯ ಎಡ, ಬಲ ಭಾಗಗಳಾದ ಎರಡು ಹಾಲೆಗಳ ನಡುವಿನ ಗೆರೆ ಉಳಿದಿದೆಯೇ, ಗಂಟು ಎಡಕ್ಕೋ ಬಲಕ್ಕೋ, ಎಷ್ಟು ಸೆಂಟಿಮೀಟರ್, ಗುದನಾಳದ ಒಳಪೊರೆ ಅದರ ಮೇಲೆ ಸರಿಯುತ್ತದೆಯೇ ಎಂಬುದೂ ಬೇಕು. ಕ್ಯಾನ್ಸರ್ ಎಂದು ಖಚಿತವಾದರೆ ಹಂತ ನಿರ್ಧಾರಕ್ಕೆ ಇದೇ ಆಧಾರ: ಕೈಗೆ ಸಿಗದೆ ಬಯಾಪ್ಸಿಯಲ್ಲಿ (ಚೂರು ತೆಗೆದು ನೋಡುವ ಪರೀಕ್ಷೆ) ಮಾತ್ರ ಕಂಡದ್ದು ಟಿ1ಸಿ, ಒಂದು ಹಾಲೆಯ ಅರ್ಧದೊಳಗೆ ಇದ್ದರೆ ಟಿ2ಎ. ಪ್ರಾಸ್ಟೇಟ್‌ಗೆಂದು ಮಾಡುವ ಪಿಎಸ್‌ಎ ರಕ್ತಪರೀಕ್ಷೆ ಸರಿಯಾಗಿ ಬಂತೆಂದು ಕೈಗೆ ಸಿಕ್ಕ ಗಂಟನ್ನು ಬಿಟ್ಟುಬಿಡುವಂತಿಲ್ಲ. ಜ್ವರವಿದ್ದು, ಮುಟ್ಟಿದರೆ ತೀರಾ ನೋವಾದರೆ ಗ್ರಂಥಿಯನ್ನು ಉಜ್ಜಬಾರದು, ಸೋಂಕು ರಕ್ತಕ್ಕೆ ಇಳಿದೀತು.

ಗುದದ್ವಾರದ ಹೊರಗಿನ ಬಿರುಕು, ಮೂಲವ್ಯಾಧಿಗಳ ಜಾಗವನ್ನು ಗಡಿಯಾರದ ಅಂಕಿಯಲ್ಲಿ ಗುರುತಿಸುವುದು ರೂಢಿ. ರೋಗಿ ಅಂಗಾತ ಮಲಗಿದ್ದಾನೆಂದು ಲೆಕ್ಕ, 12 ಎಂದರೆ ವೃಷಣದ ಕಡೆ. ಪರೀಕ್ಷೆ ಮಾಡುವುದು ಮಾತ್ರ ಎಡಮಗ್ಗುಲಿಗೆ ಮಲಗಿಸಿ! ಡಾಕ್ಟರು ಮನಸ್ಸಿನಲ್ಲೇ ಗಡಿಯಾರ ತಿರುಗಿಸಿಕೊಳ್ಳಬೇಕು. ಇನ್ನು ಬೆರಳಿಟ್ಟು ನೋಡಿ 'ಪೈಲ್ಸ್ ಇಲ್ಲ' ಎಂದು ಬರೆಯುವುದಕ್ಕೆ ನನ್ನ ತಕರಾರಿದೆ. ಒಳಗಿನ ಮೂಲವ್ಯಾಧಿ ಮೆತ್ತಗಿರುವುದರಿಂದ ಸಾಮಾನ್ಯವಾಗಿ ಬೆರಳಿಗೆ ತಿಳಿಯುವುದಿಲ್ಲ, ಪ್ರಾಕ್ಟೋಸ್ಕೋಪ್ ಎಂಬ ಕೊಳವೆ ಹಾಕಿಯೇ ನೋಡಬೇಕು.

ಗುದದ್ವಾರದ ಬಿಗಿ ಸಡಿಲವಾಗಿ, ಕಾಲಲ್ಲಿ ಶಕ್ತಿ ಕುಗ್ಗಿ, ಮೂತ್ರವೂ ಕಟ್ಟಿದ್ದರೆ ತೊಂದರೆ ಬೆನ್ನುಹುರಿಯಲ್ಲಿರಬಹುದು, ಅದು ತುರ್ತು. ಗ್ಲೌಸಿಗೆ ಅಂಟಿದ ಮಲ ಡಾಂಬರಿನಂತೆ ಕಪ್ಪೋ, ರಕ್ತ ಬೆರೆತಿದೆಯೋ ಅದೂ ದಾಖಲಾಗಬೇಕು. ರೋಗಿಯ ಒಪ್ಪಿಗೆ ಸಿಕ್ಕಿತ್ತೇ, ಜೊತೆಗೆ ಯಾರಿದ್ದರು ಎಂಬುದಕ್ಕೆ ಒಂದು ಸಾಲು ಸಾಕು. ರೋಗಿ ಬೇಡವೆಂದರೆ ಅಥವಾ ಬಿರುಕಿನ ನೋವಿಗೆ ಬೆರಳಿಡಲು ಆಗದಿದ್ದರೆ, ಕಾರಣ ಸಮೇತ 'ಪರೀಕ್ಷೆ ಮಾಡಿಲ್ಲ' ಎಂದು ಬರೆಯಬೇಕು. ಜಾಗ ಖಾಲಿ ಬಿಟ್ಟರೆ ಮುಂದಿನವರು ಅದನ್ನು 'ನಾರ್ಮಲ್' ಎಂದೇ ಓದಿಕೊಳ್ಳುವ ಸಂಭವ ಹೆಚ್ಚು.